ಎಂಜಿನ್ನಿನ ಮೂಗಿಗೆ ಕಟ್ಟಿದ ಬಟ್ಟೆ

ಮುಂಬೈಯಲ್ಲಾಗಲಿ, ಪುಣೆಯಲ್ಲಾಗಲಿ, ಚೆನ್ನೈಯಲ್ಲಾಗಲಿ ರಸ್ತೆಬದಿಯ ಗ್ಯಾರೇಜಿನ ಮುಂದೆ ಅರ್ಧ ಗಂಟೆ ನಿಂತರೆ ಈ ದೃಶ್ಯ ಒಮ್ಮೆಯಾದರೂ ಕಾಣಸಿಗುತ್ತದೆ. ಯಾರೋ ಕಾರು ತಂದು ನಿಲ್ಲಿಸಿ, "ಪಿಕಪ್ಪೇ ಇಲ್ಲ" ಎಂದು ದೂರುತ್ತಾರೆ. ಮೆಕ್ಯಾನಿಕ್ ಮಾತಾಡದೆ ಬಾನೆಟ್ ಎತ್ತುತ್ತಾನೆ. ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಕ್ಲಿಪ್ಪುಗಳನ್ನು ಬಿಚ್ಚಿ, ಮಡಿಕೆ ಮಡಿಕೆಯಾಗಿರುವ ಕಾಗದದ ತುಂಡೊಂದನ್ನು ಹೊರಗೆಳೆದು ಟಯರಿಗೆ ಎರಡು ಸಲ ಬಡಿಯುತ್ತಾನೆ. ಒಂದು ಮುಷ್ಟಿ ಧೂಳು ಬೀಳುತ್ತದೆ, ಜೊತೆಗೆ ಒಣಗಿದ ಎಲೆ, ಸತ್ತ ಚಿಟ್ಟೆ, ಕೆಲವೊಮ್ಮೆ ಇಲಿ ತಂದು ಕೂಡಿಟ್ಟ ಚಿಂದಿ. ಕಂಪ್ರೆಸರಿನ ಪೈಪು ಹಿಡಿದು ಭರ್ರೆಂದು ಗಾಳಿ ಹೊಡೆದು, ಅದನ್ನೇ ಮತ್ತೆ ಕೂರಿಸಿ, "ಈಗ ಓಡಿಸಿ ನೋಡಿ" ಎನ್ನುತ್ತಾನೆ.

ಗಾಡಿ ಓಡುತ್ತದೆ. ಆದರೆ ಆ ಗಾಳಿ ಹೊಡೆತ ಎಂಜಿನ್ನಿಗೆ ಒಳ್ಳೆಯದು ಮಾಡಿತೋ ಕೆಟ್ಟದ್ದು ಮಾಡಿತೋ ಎನ್ನುವುದು ಅಷ್ಟು ಸುಲಭದ ಪ್ರಶ್ನೆಯಲ್ಲ. ಉಸಿರಾಟಕ್ಕೆ ಅಡ್ಡಿಯಾಗದಂತೆ ಧೂಳನ್ನು ತಡೆಯುವುದು ಹೇಗೆ ಎಂಬುದರ ಬಗ್ಗೆ ರೈತರು, ಸೈನಿಕರು, ಬಸ್ಸಿನ ಕ್ಲೀನರುಗಳು, ಎಂಜಿನಿಯರುಗಳು ನೂರು ವರ್ಷಕ್ಕೂ ಮೇಲ್ಪಟ್ಟು ತಲೆ ಕೆಡಿಸಿಕೊಂಡಿದ್ದಾರೆ.

ಮೊದಲು ಒಂದು ಲೆಕ್ಕ. ಒಂದು ಭಾಗ ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲು ಮುಕ್ಕಾಲು ಕಿಲೋಗ್ರಾಮಿನಷ್ಟು ತೂಗುತ್ತದೆ. ಅಂದರೆ ಅದಕ್ಕೆ ಹನ್ನೊಂದು ಕಿಲೋ ಗಾಳಿ. ಗಾಳಿಯನ್ನು ಯಾರೂ ಕಿಲೋದಲ್ಲಿ ಅಳೆಯುವುದಿಲ್ಲವಾದ್ದರಿಂದ ಲೀಟರಿನಲ್ಲೇ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ 9,000 ಲೀಟರ್ ಗಾಳಿ. ಮುಂಬೈಯಿಂದ ಪುಣೆಗೆ ಸುಮಾರು 150 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಡುವ ಕಾರು ಹತ್ತು ಲೀಟರ್ ಪೆಟ್ರೋಲು ಕುಡಿದು ಘಟ್ಟ ಹತ್ತುವಷ್ಟರಲ್ಲಿ 90,000 ಲೀಟರ್ ಗಾಳಿಯನ್ನು ನುಂಗಿರುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಮೂರು ಕೋಣೆಗಳ ಗಾಳಿ, ಅದರಲ್ಲಿ ತೇಲುತ್ತಿರುವ ಧೂಳಿನ ಸಮೇತ.

ಆ ಧೂಳಿನಲ್ಲಿ ದೊಡ್ಡ ಪಾಲು ಸ್ಫಟಿಕ ಶಿಲೆಯ ಪುಡಿ, ಅಂದರೆ ಬೆಣಚುಕಲ್ಲಿನ ಪುಡಿ. ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಅದು ಗಟ್ಟಿ. ಪಿಸ್ಟನ್ನಿನ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವ ಆಯಿಲ್ಲಿನ ಪೊರೆ ಕೆಲವೇ ಮೈಕ್ರಾನ್ ದಪ್ಪ. ತಲೆಗೂದಲಿನ ದಪ್ಪವೇ ಎಪ್ಪತ್ತು ಮೈಕ್ರಾನಿನ ಆಸುಪಾಸು. ಕಣ್ಣಿಗೆ ಕಾಣುವ ಮರಳಿಗಿಂತ, ಈ ಪೊರೆಯ ದಪ್ಪಕ್ಕೆ ಸರಿಹೊಂದುವ ಕಾಣದ ಧೂಳೇ ಹೆಚ್ಚು ಅಪಾಯಕಾರಿ. ಪೊರೆಯೊಳಗೆ ಕೂತು ಎರಡೂ ಬದಿಯನ್ನು ಉಜ್ಜುತ್ತದೆ. ಆಯಿಲ್ಲಿಗೆ ಸೇರಿದರೆ ಬೇರಿಂಗಿನ ತನಕ ಹೋಗುತ್ತದೆ. ಉಜ್ಜುಕಾಗದವನ್ನು ಅರೆದು ಎಂಜಿನ್ನಿಗೆ ಕುಡಿಸಿದಂತೆ.

ಇಷ್ಟು ಸ್ಪಷ್ಟವಾದ ಸಂಗತಿ ಮೋಟಾರು ಕಾರಿನ ಮೊದಲ ತಲೆಮಾರಿಗೆ ಹೊಳೆಯಲಿಲ್ಲವೇ? ಹೊಳೆದಿದ್ದರೂ ಅವರಿಗೆ ಅದು ದೊಡ್ಡದೆನಿಸಲಿಲ್ಲ. ಫೋರ್ಡ್ ಕಂಪನಿಯ ಮಾಡೆಲ್ ಟಿ 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾಯಿತು. ಕಾರ್ಖಾನೆಯಿಂದ ಹೊರಟಾಗ ಅದರ ಕಾರ್ಬುರೇಟರಿನ ಬಾಯಿಗೆ ಯಾವ ಜಾಲರಿಯೂ ಇರುತ್ತಿರಲಿಲ್ಲ. ಅಮೆರಿಕದ ಮಣ್ಣುರಸ್ತೆಯ ಧೂಳು ನೇರ ಒಳಗೆ. ವಾಲ್ವು ಉಜ್ಜಿಸುವುದು, ಇಂಗಾಲ ಕೆರೆಯುವುದು, ರಿಂಗ್ ಬದಲಿಸುವುದು ಇವೆಲ್ಲ ಅಂದಿನ ಕಾರು ಮಾಲೀಕನ ದಿನಚರಿಯ ಭಾಗವೇ ಆಗಿದ್ದವು. ಎಂಜಿನ್ ಬೇಗ ಸವೆಯುವುದನ್ನು ಚಪ್ಪಲಿ ಸವೆಯುವಷ್ಟೇ ಸಹಜವೆಂದು ಜನ ತಿಳಿದಿದ್ದರು.

ಧೂಳಿನ ಬಗ್ಗೆ ಕೂಗು ಎದ್ದಿದ್ದು ಬೇರೆ ಕಾರಣಕ್ಕೆ. ಕಾರಿನಲ್ಲಿ ಕೂತವರು ಕನ್ನಡಕ, ಉದ್ದಂಗಿ, ಮುಸುಕು ಧರಿಸಬೇಕಿತ್ತು. ರಸ್ತೆಬದಿಯ ಹಳ್ಳಿಯವರು ಹೋದ ಕಾರಿಗೆ ಶಾಪ ಹಾಕುತ್ತಿದ್ದರು. 1902ರಲ್ಲಿ ಮೊನಾಕೋದಲ್ಲಿ ಡಾ. ಅರ್ನೆಸ್ಟ್ ಗುಗ್ಲಿಯೆಲ್ಮಿನೆಟ್ಟಿ ಎಂಬ ಸ್ವಿಸ್ ವೈದ್ಯ ರಸ್ತೆಗೆ ಟಾರು ಬಳಿಸಿ ನೋಡಿದ. ಧೂಳು ಅಡಗಿತು. ಜನ ಅವನಿಗೆ "ಡಾಕ್ಟರ್ ಟಾರು" ಎಂದೇ ಹೆಸರಿಟ್ಟರು. ರೋಗಿಗಳ ಶ್ವಾಸಕೋಶದ ಚಿಂತೆಯಿಂದ ವೈದ್ಯನೊಬ್ಬ ಮಾಡಿದ ಈ ಕೆಲಸ ಎಂಜಿನ್ನಿನ ಆಯುಸ್ಸನ್ನೂ ಹೆಚ್ಚಿಸಿತು. ಊರಿಗೆಲ್ಲ ಟಾರು ಹಾಕಬಹುದು, ಆದರೆ ಉಳುವ ಹೊಲಕ್ಕೆ ಹಾಕಲಾಗದಲ್ಲ.

ಆದ್ದರಿಂದಲೇ ಏರ್ ಫಿಲ್ಟರಿನ ಕಥೆ ಕಾರಿನಿಂದ ಶುರುವಾಗುವುದಿಲ್ಲ, ಟ್ರ್ಯಾಕ್ಟರಿನಿಂದ ಶುರುವಾಗುತ್ತದೆ. ಟ್ರ್ಯಾಕ್ಟರು ತಾನೇ ಧೂಳೆಬ್ಬಿಸಿ ಆ ಮೋಡದೊಳಗೇ ದಿನವಿಡೀ ನಿಧಾನ ಚಲಿಸುವ ಯಂತ್ರ. 1915ರಲ್ಲಿ ಅಮೆರಿಕದ ಮಿನೆಸೋಟಾದ ಟ್ರ್ಯಾಕ್ಟರ್ ಕಂಪನಿಯೊಂದರಲ್ಲಿ ಮಾರಾಟದ ಕೆಲಸದಲ್ಲಿದ್ದ ಫ್ರ್ಯಾಂಕ್ ಡೊನಾಲ್ಡ್‌ಸನ್, ಯೂಟಾ ರಾಜ್ಯದ ರೈತನೊಬ್ಬನ ದೂರು ವಿಚಾರಿಸಲು ಹೋದ. ರೈತನ ಟ್ರ್ಯಾಕ್ಟರಿನ ಎಂಜಿನ್ ಪದೇಪದೇ ಕೆಡುತ್ತಿತ್ತು. ಕಾರಣ ಧೂಳೇ ಎಂದು ಡೊನಾಲ್ಡ್‌ಸನ್‌ಗೆ ಗೊತ್ತಾಗಿ, ತಂತಿಯ ಪಂಜರಕ್ಕೆ ಬಟ್ಟೆ ಸುತ್ತಿ ಗಾಳಿಯ ಕೊಳವೆಗೆ ಕಟ್ಟಿದ. ಎಂಜಿನ್ ಬಾಳಿಕೆ ಬಂತು. ಖುಷಿಯಿಂದ ಇದನ್ನು ತನ್ನ ಮೇಲಿನವರಿಗೆ ಹೇಳಿದಾಗ ಅವನಿಗೆ ಸಿಕ್ಕಿದ್ದು ಬಹುಮಾನವಲ್ಲ. ನಮ್ಮ ಟ್ರ್ಯಾಕ್ಟರಿನಲ್ಲಿ ದೋಷವಿದೆ ಎನ್ನುತ್ತೀಯಾ ಎಂದು ಕೆಲಸದಿಂದ ತೆಗೆದರು. ಅವನು ಅದೇ ವರ್ಷ ತನ್ನದೇ ಕಂಪನಿ ಕಟ್ಟಿದ. ಇಂದು ಜಗತ್ತಿನ ದೊಡ್ಡ ಫಿಲ್ಟರ್ ತಯಾರಕರಲ್ಲಿ ಅದೂ ಒಂದು. ಈ ಕಥೆಯನ್ನು ಹೇಳಿಕೊಂಡು ಬಂದವರು ಆ ಕಂಪನಿಯವರೇ ಆದ್ದರಿಂದ ಸ್ವಲ್ಪ ಉಪ್ಪುಖಾರ ಬೆರೆತಿರಬಹುದು. ಆದರೆ ತನ್ನ ಸರಕಿಗೆ ಬಟ್ಟೆ ಕಟ್ಟಬೇಕಾಗಿ ಬಂತೆಂದು ಒಪ್ಪಿಕೊಳ್ಳಲು ಯಾವ ತಯಾರಕನಿಗೂ ಮನಸ್ಸಿರುವುದಿಲ್ಲ ಎಂಬುದು ನಂಬಲಾಗದ ಮಾತೇನಲ್ಲ.

1920ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೃಷಿ ಕೇಂದ್ರದವರು ಮಾರುಕಟ್ಟೆಗೆ ಬಂದ ಬಗೆಬಗೆಯ ಏರ್ ಕ್ಲೀನರುಗಳನ್ನು ತೂಕದ ಧೂಳು ಹಾಕಿ ಪರೀಕ್ಷಿಸಿದರು. ನೀರಿನೊಳಗೆ ಗಾಳಿ ಗುಳುಗುಳು ಎನಿಸುವವು, ಗಾಳಿಯನ್ನು ಗಿರಗಿರ ತಿರುಗಿಸಿ ಧೂಳನ್ನು ಅಂಚಿಗೆ ಎಸೆಯುವವು, ಬಟ್ಟೆಯವು, ಎಣ್ಣೆ ಸವರಿದ ತಂತಿಯವು, ಹೀಗೆ ಎಲ್ಲ ಬಗೆಯವೂ ಇದ್ದವು. ಆಗಲೇ ಎದ್ದು ಕಂಡ ಇಕ್ಕಟ್ಟು ಇಂದಿಗೂ ಬಗೆಹರಿದಿಲ್ಲ: ಜಾಲರಿ ಸಣ್ಣದಾದಷ್ಟೂ ಧೂಳು ನಿಲ್ಲುತ್ತದೆ, ಆದರೆ ಉಸಿರೂ ಕಟ್ಟುತ್ತದೆ, ಧೂಳನ್ನು ಚೆನ್ನಾಗಿ ಹಿಡಿಯುವ ಫಿಲ್ಟರು ಬೇಗ ಕಟ್ಟಿಕೊಳ್ಳುತ್ತದೆ.

ಈ ಗೊಂದಲದಿಂದ ಗೆದ್ದು ಬಂದದ್ದು ಆಯಿಲ್ ಬಾತ್ ಫಿಲ್ಟರು. ಹಳೇ ಜೀಪು, ಹಳೇ ಅಂಬಾಸಿಡರ್, ಹಳೇ ಟ್ರ್ಯಾಕ್ಟರು ನೋಡಿದವರಿಗೆ ಈ ಪಾತ್ರೆಯ ಪರಿಚಯವಿರುತ್ತದೆ. ತಳದಲ್ಲಿ ಒಂದಿಷ್ಟು ಎಂಜಿನ್ ಆಯಿಲ್. ಗಾಳಿ ನಡುವಿನ ದಾರಿಯಿಂದ ಕೆಳಗಿಳಿದು, ಆಯಿಲ್ಲಿನ ಮೇಲ್ಮೈ ಹತ್ತಿರ ಬಂದು, ತಟ್ಟನೆ ಹಿಂದಿರುಗಿ ಮೇಲೇರಬೇಕು. ಗಾಳಿ ಹಗುರ, ಅದು ತಿರುಗುತ್ತದೆ. ಧೂಳಿನ ಕಣ ಭಾರ, ಅದು ಬಂದ ವೇಗದಲ್ಲೇ ನೇರ ಹೋಗಿ ಆಯಿಲ್ಲಿಗೆ ಬೀಳುತ್ತದೆ. ಚೂರುಪಾರು ಉಳಿದದ್ದು ಮೇಲಿನ ಎಣ್ಣೆಯೊದ್ದೆಯಾದ ತಂತಿ ಅಥವಾ ನಾರಿನ ಸಿಕ್ಕಿನಲ್ಲಿ ಅಂಟುತ್ತದೆ. ಬಿಸಾಡಬೇಕಾದದ್ದು ಏನೂ ಇಲ್ಲ. ಕೆಸರಾದ ಆಯಿಲ್ ಚೆಲ್ಲಿ, ಸೀಮೆಎಣ್ಣೆಯಲ್ಲಿ ತೊಳೆದು, ಗುರುತಿನ ತನಕ ಹೊಸ ಆಯಿಲ್ ಹಾಕಿದರೆ ಆಯಿತು. ಅಂಗಡಿಯೇ ಇಲ್ಲದ ಊರಿನಲ್ಲಿ ಕೆಲಸ ಮಾಡಬೇಕಾದ ಗಾಡಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇರಲಿಲ್ಲ. ಒಂದೇ ಎಚ್ಚರ, ಗುರುತಿಗಿಂತ ಮೇಲೆ ಆಯಿಲ್ ತುಂಬಬಾರದು. ತುಂಬಿದರೆ ಎಂಜಿನ್ ಆ ಆಯಿಲ್ಲನ್ನೇ ಹೀರಿಕೊಂಡು ಉರಿಸುತ್ತದೆ. ಡೀಸೆಲ್ ಎಂಜಿನ್ನಾದರೆ ಕೀಲಿ ತಿರುಗಿಸಿದರೂ ನಿಲ್ಲದೆ ತನ್ನಷ್ಟಕ್ಕೆ ತಾನು ಹುಚ್ಚೆದ್ದು ಓಡುವ ಅಪಾಯವಿತ್ತು.

ಎರಡನೇ ಮಹಾಯುದ್ಧ ಈ ಪುಟ್ಟ ಪಾತ್ರೆಯನ್ನು ಯುದ್ಧದ ಗೆಲುವು ಸೋಲಿನ ಲೆಕ್ಕಕ್ಕೆ ತಂದಿತು. 1940ರಿಂದ 1943ರವರೆಗೆ ಈಜಿಪ್ಟ್, ಲಿಬಿಯಾ, ಟ್ಯುನೀಷಿಯಾಗಳಲ್ಲಿ ನಡೆದ ಕಾಳಗದಲ್ಲಿ ಭಾರತದ ಸೈನಿಕರೂ ಸಾವಿರಾರು ಸಂಖ್ಯೆಯಲ್ಲಿದ್ದರು. ನಾಲ್ಕನೇ ಭಾರತೀಯ ಡಿವಿಷನ್ನಿನ ಹೆಸರು ಆ ಮರಳುಗಾಡಿನ ಚರಿತ್ರೆಯ ಉದ್ದಕ್ಕೂ ಬರುತ್ತದೆ. ಅಲ್ಲಿನ ನೆಲ ಚಿತ್ರಗಳಲ್ಲಿ ಕಾಣುವಂಥ ಮರಳಿನ ದಿಬ್ಬವಲ್ಲ. ಬಹುಪಾಲು ಸುಣ್ಣಕಲ್ಲಿನ ಬಟಾಬಯಲು. ಲಾರಿ ಮತ್ತು ಟ್ಯಾಂಕುಗಳ ಓಡಾಟದಿಂದ ಅದು ಟಾಲ್ಕಂ ಪೌಡರಿನಷ್ಟು ನುಣ್ಣಗೆ ಅರೆದುಹೋಗಿತ್ತು. ಬ್ರಿಟಿಷರ ಕ್ರುಸೇಡರ್ ಟ್ಯಾಂಕಿನ ಏರ್ ಕ್ಲೀನರುಗಳನ್ನು ಹಿಂಭಾಗದಲ್ಲಿ, ಚೈನಿನ ಮೇಲಿನ ಮಡ್‌ಗಾರ್ಡಿನ ಬಳಿಯೇ ಕೂರಿಸಿದ್ದರು. ಚೈನು ಎಬ್ಬಿಸಿದ ಧೂಳೆಲ್ಲ ಮೊದಲು ಹೋಗುತ್ತಿದ್ದುದು ಅಲ್ಲಿಗೇ. ಇಂಗ್ಲೆಂಡಿನ ಹಸಿರು ಹುಲ್ಲಿನ ಮೇಲೆ ಚಿತ್ರ ಬರೆದವನಿಗೆ ಇದು ಹೊಳೆಯದಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಬೆಲೆ ತೆತ್ತವರು ಮಾತ್ರ ಟ್ಯಾಂಕಿನೊಳಗೆ ಕೂತವರು. ಜರ್ಮನರೂ ಇದೇ ಪಾಠ ಕಲಿತರು. 1942ರಲ್ಲಿ ಬಂದ ಅವರ ಟೈಗರ್ ಟ್ಯಾಂಕಿನ ಬೆನ್ನಿಗೆ ಫೈಫೆಲ್ ಎಂಬ ಹೆಸರಿನ, ಗಾಳಿಯನ್ನು ಸುಳಿಯಂತೆ ತಿರುಗಿಸಿ ಧೂಳು ಬೇರ್ಪಡಿಸುವ ದಪ್ಪ ಡಬ್ಬಗಳನ್ನು ಕಟ್ಟಿದ್ದರು.

ಎಲ್ಲಕ್ಕಿಂತ ಕಠಿಣ ಆಯ್ಕೆ ಎದುರಾದದ್ದು ವಿಮಾನದವರಿಗೆ. ಸ್ಪಿಟ್‌ಫೈರ್ ಯುದ್ಧವಿಮಾನದ ಎಂಜಿನ್ನಿಗೆ ಗಾಳಿ ಹೋಗುವ ಬಾಯಿ ಮೂತಿಯ ಕೆಳಗಿತ್ತು. ಫ್ಯಾನು ತಿರುಗಿದರೆ ರನ್‌ವೇಯ ಧೂಳು ನೇರ ಅದರೊಳಗೆ. ಹಾಗಾಗಿ ಮಾಲ್ಟಾ ಮತ್ತು ಮರುಭೂಮಿಗೆ ಕಳಿಸಿದ ವಿಮಾನಗಳಿಗೆ ವೋಕ್ಸ್ ಕಂಪನಿಯ ಫಿಲ್ಟರನ್ನು ಜೋಡಿಸಿದರು. 1942ರ ಮಾರ್ಚಿಯಲ್ಲಿ ಈಗಲ್ ಎಂಬ ವಿಮಾನವಾಹಕ ಹಡಗಿನಿಂದ ಮಾಲ್ಟಾಕ್ಕೆ ಹಾರಿದ ಮೊದಲ ಸ್ಪಿಟ್‌ಫೈರ್‌ಗಳಿಗೆ ಗಂಟಲವಾಳ ಬಂದವರ ಹಾಗೆ ಗದ್ದದ ಕೆಳಗೊಂದು ದೊಡ್ಡ ಉಬ್ಬಿತ್ತು. ಎಂಜಿನ್ನಿಗೆ ಅದು ರಕ್ಷೆ, ಪೈಲಟ್ಟಿಗೆ ಶಿಕ್ಷೆ. ಉಬ್ಬು ಗಾಳಿಯನ್ನು ಎದುರಿಸುತ್ತಿತ್ತು, ಫಿಲ್ಟರು ಉಸಿರನ್ನು ಹಿಡಿಯುತ್ತಿತ್ತು. ವೇಗವೂ ಕುಗ್ಗಿತು, ಮೇಲೇರುವ ಚುರುಕೂ ಕುಗ್ಗಿತು. ಎದುರಾಳಿಯ ಮೆಸ್ಸರ್‌ಶ್ಮಿಟ್ ಮೇಲಿನಿಂದ ಎರಗುತ್ತಿರುವಾಗ ಈ ಕೊರತೆ ಪೈಲಟ್ಟಿನ ಪ್ರಾಣಕ್ಕೇ ಸಂಬಂಧಿಸಿದ್ದು. ಫಿಲ್ಟರು ತೆಗೆದರೋ, ಕೆಲವೇ ಹಾರಾಟಗಳಲ್ಲಿ ಎಂಜಿನ್ ಸವೆದು ಆಕಾಶದಲ್ಲೇ ಕೈಕೊಡಬಹುದು.

ದಾರಿ ಹುಡುಕಿದವರು ಲಂಡನ್ನಿನ ಕಚೇರಿಯವರಲ್ಲ. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರದ ಅಬೂಕೀರ್‌ನಲ್ಲಿದ್ದ ವಾಯುಪಡೆಯ 103ನೇ ರಿಪೇರಿ ಘಟಕದ ಕೆಲಸಗಾರರು ವೋಕ್ಸ್ ಉಬ್ಬನ್ನು ಕಿತ್ತು, ಅದಕ್ಕಿಂತ ಚಿಕ್ಕದಾದ, ನುಣುಪಾದ ಫಿಲ್ಟರನ್ನು ತಮ್ಮ ವರ್ಕ್‌ಶಾಪಿನಲ್ಲೇ ತಯಾರಿಸಿ ಜೋಡಿಸಿದರು. ಯುದ್ಧದ ಚರಿತ್ರೆಯಲ್ಲಿ ಅದು ಅಬೂಕೀರ್ ಫಿಲ್ಟರ್ ಎಂದೇ ಉಳಿದಿದೆ. ಮುಂದೆ ಸ್ಪಿಟ್‌ಫೈರ್‌ನ ನಂತರದ ಮಾದರಿಗಳಿಗೆ ಇನ್ನೂ ಜಾಣತನದ ಏರ್ಪಾಡು ಬಂತು. ಧೂಳಿರುವುದು ನೆಲದ ಹತ್ತಿರ, ಹತ್ತು ಸಾವಿರ ಅಡಿ ಮೇಲಲ್ಲ. ಹಾಗಾದರೆ ಏರುವಾಗ ಇಳಿಯುವಾಗ ಮಾತ್ರ ಗಾಳಿ ಫಿಲ್ಟರಿನ ಮೂಲಕ ಬರಲಿ, ಮೇಲೆ ಹೋದ ಮೇಲೆ ಪೈಲಟ್ ಒಂದು ಬಾಗಿಲು ತೆರೆದು ನೇರ ಗಾಳಿ ಬಿಡಲಿ. ನೂರಾರು ಪೈಲಟ್ಟುಗಳು ಉಬ್ಬುಗದ್ದದೊಡನೆ ಹಾರಿದ ಮೇಲೆ ಬಂದ ಬುದ್ಧಿ.

ಈ ಕಾಲಕ್ಕೇ ನಮ್ಮ ಕಡೆ ಧೂಳು ಹೊರಗಿನಿಂದಲ್ಲ, ಒಳಗಿನಿಂದಲೇ ಬರುತ್ತಿತ್ತು. ಯುದ್ಧದಿಂದಾಗಿ ಪೆಟ್ರೋಲಿಗೆ ರೇಷನ್ ಬಂದಾಗ ಮೈಸೂರು ಸಂಸ್ಥಾನ, ಮುಂಬೈ ಪ್ರಾಂತ್ಯ, ಮದ್ರಾಸು ಪ್ರಾಂತ್ಯಗಳ ಬಸ್ಸುಗಳಿಗೆ ಇದ್ದಿಲು ಗ್ಯಾಸಿನ ಉರುಳೆ ಕಟ್ಟಿದರು. ಊರಿನ ಹಿರಿಯರು "ಇದ್ದಿಲು ಬಸ್ಸು" ಎಂದು ನೆನಪಿಸಿಕೊಳ್ಳುತ್ತಿದ್ದುದು ಇದನ್ನೇ. ಬಸ್ಸಿನ ಹಿಂದೆ ಹಂಡೆಯಂಥ ಒಲೆ. ಅದರಲ್ಲಿ ಇದ್ದಿಲು ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಆ ಗ್ಯಾಸನ್ನು ತಣ್ಣಗೆ ಮಾಡಿ, ಸೋಸಿ, ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡಬೇಕು. ಬೆಳಗಾಗೆದ್ದು ಕೈಯಿಂದ ತಿರುಗಿಸುವ ಬೀಸಣಿಗೆಯಲ್ಲಿ ಬೆಂಕಿಯನ್ನು ಕೆರಳಿಸುವುದು ಕ್ಲೀನರನ ಪಾಲಿನ ಕೆಲಸ. ಎಂಜಿನ್ನಿನ ಶಕ್ತಿ ಮೂರನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಇಳಿದಿರುತ್ತಿದ್ದುದರಿಂದ ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುವುದು ಟಿಕೆಟ್ಟಿನಲ್ಲೇ ಸೇರಿತ್ತು ಎನ್ನಬೇಕು.

ಇದ್ದಿಲಿನ ಜೊತೆ ಬರುತ್ತಿದ್ದುದು ಬೂದಿ, ಮಸಿ ಮತ್ತು ಡಾಂಬರಿನಂಥ ಅಂಟು. ಸೋಸಲು ನಾರು, ಬಟ್ಟೆ, ನೀರು, ಕೈಗೆ ಸಿಕ್ಕ ವಸ್ತುಗಳೆಲ್ಲ ಬಳಕೆಯಾದವು. ಸರಿಯಾಗಿ ಸೋಸದಿದ್ದರೆ ವಾಲ್ವುಗಳು ಅಂಟಿಕೊಳ್ಳುತ್ತಿದ್ದವು. ಸೋಸುವ ಡಬ್ಬಿಯನ್ನು ದಿನದಿನ ಬಿಚ್ಚಿ ತೊಳೆಯದಿದ್ದರೆ ಬಸ್ಸು ದಾರಿಯಲ್ಲೇ ದಮ್ಮು ಕಳೆದುಕೊಳ್ಳುತ್ತಿತ್ತು. ಮೈಯೆಲ್ಲ ಮಸಿಯಾಗಿ, ಸುತ್ತ ಬಣ್ಣವಿಲ್ಲದ ವಾಸನೆಯಿಲ್ಲದ ವಿಷದ ಗಾಳಿ ಇಟ್ಟುಕೊಂಡು ಕೆಲಸ ಮಾಡಿದ ಆ ಹುಡುಗರ ಹೆಸರು ಯಾವ ದಾಖಲೆಯಲ್ಲೂ ಬಂದಿಲ್ಲ. ಲಾರಿ ಬಸ್ಸುಗಳಲ್ಲಿ ಡ್ರೈವರನ ಸಹಾಯಕನನ್ನು ಕನ್ನಡದಲ್ಲಿ ಇಂದಿಗೂ ಕ್ಲೀನರ್ ಎನ್ನುತ್ತಾರೆ. ಗಾಜು ಒರೆಸುವವನು ಎಂದು ಕೇಳಿದವರಿಗೆ ಅನಿಸುತ್ತದೆ. ಇದ್ದಿಲು ಬಸ್ಸಿನ ಕಾಲದಲ್ಲಿ ಅವನು ನಿಜಕ್ಕೂ ಎಂಜಿನ್ನಿನ ಉಸಿರು ಕಾಯುವವನಾಗಿದ್ದ.

ಯುದ್ಧ ಮುಗಿದ ಮೇಲೆ ಜೀಪು ಮುಂಬೈಯಲ್ಲಿ ಜೋಡಣೆಯಾಗತೊಡಗಿತು, ಕುರ್ಲಾದಲ್ಲಿ ಫಿಯೆಟ್, ಕೋಲ್ಕತ್ತ ಬಳಿಯ ಉತ್ತರಪಾಡಾದಲ್ಲಿ ಅಂಬಾಸಿಡರ್. ಆಯಿಲ್ ಬಾತ್ ಬಹುಕಾಲ ನಮ್ಮ ರಸ್ತೆಗಳ ಮಟ್ಟಿಗೆ ತಕ್ಕ ಸಂಗಾತಿಯಾಗಿಯೇ ಇತ್ತು. ಪಶ್ಚಿಮದಲ್ಲಿ ಮಾತ್ರ 1950ರ ದಶಕದಿಂದ ಅದರ ಜಾಗಕ್ಕೆ ಮಡಿಕೆ ಕಾಗದ ಬಂತು. ರಾಳದಲ್ಲಿ ಅದ್ದಿ ಗಟ್ಟಿ ಮಾಡಿದ ಕಾಗದವನ್ನು ಹಾರ್ಮೋನಿಯಂ ತಿದಿಯಂತೆ ಮಡಿಚಿದರೆ ಅಂಗೈಯಗಲದ ಜಾಗದಲ್ಲಿ ದೊಡ್ಡ ಹಾಳೆಯೇ ಹಿಡಿಸುತ್ತದೆ. ಆಯಿಲ್ ಬಾತ್ ನಿಧಾನವಾಗಿ ತಿರುಗುವ ಎಂಜಿನ್ನಿನಲ್ಲಿ, ಗಾಳಿಯ ವೇಗ ಕಡಿಮೆಯಿರುವಾಗ, ಸಣ್ಣ ಧೂಳನ್ನು ಬಿಟ್ಟುಕೊಡುತ್ತಿತ್ತು. ಕಾಗದ ಬಿಡುವುದಿಲ್ಲ. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಭಾರತದ ಕಾರುಗಳಲ್ಲಿ ಸೀಮೆಎಣ್ಣೆಯಲ್ಲಿ ತೊಳೆಯುವ ಕಾಲ ಮುಗಿಯುತ್ತ ಬಂತು, ಬದಲಿಸುವ ಕಾಲ ಶುರುವಾಯಿತು. ಬದಲಿಸುವುದೆಂದರೆ ಖರ್ಚು. ಕಂಪ್ರೆಸರಿನಿಂದ ಗಾಳಿ ಹೊಡೆಯುವ ರೂಢಿ ಹುಟ್ಟಿದ್ದು ಇಲ್ಲೇ: ತೊಳೆಯಬಹುದಾಗಿದ್ದ ವಸ್ತುವಿನ ಅಭ್ಯಾಸ ತೊಳೆಯಬಾರದ ವಸ್ತುವಿಗೂ ಮುಂದುವರಿಯಿತು.

ಕಾಗದದ ಫಿಲ್ಟರು ಟೀ ಜರಡಿಯ ಹಾಗಲ್ಲ. ಅದರ ರಂಧ್ರಗಳಿಗಿಂತ ಸಣ್ಣ ಕಣಗಳನ್ನೂ ಅದು ಹಿಡಿಯುತ್ತದೆ. ಗಾಳಿ ನಾರುಗಳ ನಡುವೆ ಸುತ್ತಿ ಬಳಸಿ ಹೋಗುವಾಗ ಕಣಗಳು ನಾರಿಗೆ ಬಡಿದು ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ ಧೂಳೇ ಮುಂದೆ ಬರುವ ಧೂಳಿಗೆ ಬಲೆಯಾಗುತ್ತದೆ. ಆದ್ದರಿಂದ ತೀರಾ ಹೊಸ ಫಿಲ್ಟರಿಗಿಂತ ಸ್ವಲ್ಪ ಬಳಸಿದ ಫಿಲ್ಟರು ಹೆಚ್ಚು ಚೆನ್ನಾಗಿ ಸೋಸುತ್ತದೆ! ಕೊಳೆ ಕಂಡ ಕೂಡಲೇ ಹೊಡೆದು ತೆಗೆಯುವವನು ಅದರ ಅರ್ಧ ಶಕ್ತಿಯನ್ನೇ ಹೊಡೆದು ಹಾಕುತ್ತಾನೆ. ಕಂಪ್ರೆಸರಿನ ಜೋರು ಗಾಳಿ ಹತ್ತಿರದಿಂದ ಬಿದ್ದರೆ ಕಾಗದದಲ್ಲಿ ಕಣ್ಣಿಗೆ ಕಾಣದ ಸೀಳು ಬೀಳುತ್ತದೆ. ಹೊರಗಿನಿಂದ ಹೊಡೆದರಂತೂ ಧೂಳು ನಾರಿನೊಳಕ್ಕೆ ಇನ್ನೂ ಆಳ ಹೋಗುತ್ತದೆ. ಹೊಡೆಯಲೇಬೇಕಾದರೆ ಒಳಬದಿಯಿಂದ ಹೊರಕ್ಕೆ, ದೂರದಿಂದ, ಮೆಲ್ಲಗೆ. ಸೀಳಿದ ಫಿಲ್ಟರಿನ ಗಾಡಿಗೆ ಪಿಕಪ್ ಚೆನ್ನಾಗಿಯೇ ಬರುತ್ತದೆ, ಗ್ರಾಹಕ ಖುಷಿಯಾಗಿಯೇ ಹೋಗುತ್ತಾನೆ. ಆಯಿಲ್ ಕುಡಿಯುವ ಎಂಜಿನ್, ನೀಲಿ ಹೊಗೆ, ರಿಂಗು ಬೋರಿನ ಬಿಲ್ಲು ಬರುವುದು ಎಷ್ಟೋ ಸಾವಿರ ಕಿಲೋಮೀಟರಿನ ನಂತರ. ಆಗ ಯಾರೂ ಆ ಎರಡು ನಿಮಿಷದ ಗಾಳಿಯನ್ನು ನೆನೆಯುವುದಿಲ್ಲ.

ಈ ಫಿಲ್ಟರುಗಳನ್ನು ಅಳೆಯುವ ಧೂಳಿಗೂ ಒಂದು ಊರಿದೆ. ಅಮೆರಿಕದ ಅರಿಝೋನಾ ರಾಜ್ಯದ ಸಾಲ್ಟ್ ನದಿ ಕಣಿವೆಯ ಮರುಭೂಮಿಯ ಮಣ್ಣನ್ನು ತಂದು, ಜರಡಿ ಹಿಡಿದು, ಕಣದ ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ ಪರೀಕ್ಷೆಯ ಧೂಳೆಂದು ಮಾರುತ್ತಿದ್ದರು. ಜನರಲ್ ಮೋಟಾರ್ಸ್ ಕಂಪನಿಯ ಒಂದು ವಿಭಾಗ ದಶಕಗಳ ಕಾಲ ಅದನ್ನು ತಯಾರಿಸಿ 1992ರಲ್ಲಿ ನಿಲ್ಲಿಸಿತು. 1997ರಲ್ಲಿ ಅಂತರರಾಷ್ಟ್ರೀಯ ಗುಣಮಟ್ಟವಾಗಿ ಅದಕ್ಕೊಂದು ಸಂಖ್ಯೆ ಸಿಕ್ಕಿತು. ಚೀಲಕ್ಕಿಷ್ಟೆಂದು ಬೆಲೆ ಕೊಟ್ಟು ಧೂಳು ಕೊಳ್ಳುವ ವ್ಯವಹಾರ ಕೇಳಿದರೆ ಬಳ್ಳಾರಿ, ರಾಯಚೂರಿನವರಿಗೆ ನಗು ಬರಬಹುದು. ಅದಿರಿನ ಲಾರಿಗಳು ಸಾಲುಗಟ್ಟಿ ಓಡಿದ ವರ್ಷಗಳಲ್ಲಿ ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಮರದ ಎಲೆ, ಮನೆಯ ಗೋಡೆ, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪಾಗಿದ್ದವು. ಮನುಷ್ಯರು ಮೂಗಿಗೆ ಟವೆಲ್ಲು ಕಟ್ಟಿಕೊಂಡು ಅದೇ ರಸ್ತೆಯಲ್ಲಿ ಓಡಾಡಿದರು. ಎಂಜಿನ್ನಿನ ಉಸಿರಿಗೆ ಗುಣಮಟ್ಟದ ಸಂಖ್ಯೆಯಿತ್ತು, ಬದಲಿಸುವ ದಿನಾಂಕವಿತ್ತು.

1991ರ ಕೊಲ್ಲಿ ಯುದ್ಧದಲ್ಲಿ ಹಳೆಯ ಪಾಠ ಮತ್ತೆ ಮರುಕಳಿಸಿತು. ಅಮೆರಿಕದ ಏಬ್ರಾಮ್ಸ್ ಟ್ಯಾಂಕಿನದು ಜೆಟ್ ವಿಮಾನದ ಜಾತಿಯ ಟರ್ಬೈನ್ ಎಂಜಿನ್, ಡೀಸೆಲ್ಲಿಗಿಂತ ಎಷ್ಟೋ ಪಟ್ಟು ಗಾಳಿ ನುಂಗುವಂಥದ್ದು. ಇಂಧನ ತುಂಬಲು ನಿಂತಾಗಲೆಲ್ಲ ಸೈನಿಕರು ಫಿಲ್ಟರು ಬಿಚ್ಚಿ ಧೂಳು ಕೊಡವಬೇಕಾಗುತ್ತಿತ್ತು. ಕೊಡವದೆ ಹೋದ ಕೆಲವು ಟ್ಯಾಂಕುಗಳು ಮರಳು ನುಂಗಿ ನಿಂತವು. ಅರ್ಧ ಶತಮಾನದಲ್ಲಿ ಯಂತ್ರ ಎಷ್ಟೇ ಮುಂದುವರಿದಿದ್ದರೂ ಕೊಡವುವ ಕೈ ಅದೇ ಆಗಿತ್ತು.

ಕಟ್ಟಿಕೊಂಡ ಫಿಲ್ಟರಿನಿಂದ ಪೆಟ್ರೋಲು ಹೆಚ್ಚು ಸುಡುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಕಾರ್ಬುರೇಟರಿನ ಕಾಲಕ್ಕೆ ಅದು ನಿಜ. ಗಾಳಿ ಕಡಿಮೆಯಾದರೂ ಪೆಟ್ರೋಲು ಅಷ್ಟೇ ಸುರಿಯುತ್ತಿತ್ತು, ಕಪ್ಪು ಹೊಗೆ ಬರುತ್ತಿತ್ತು. ಈಗಿನ ಕಾರಿನ ಕಂಪ್ಯೂಟರು ಬರುವ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲು ಬಿಡುತ್ತದೆ. 2009ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ ಬೇಕೆಂದೇ ಫಿಲ್ಟರು ಕಟ್ಟಿಸಿ ಕಾರುಗಳನ್ನು ಓಡಿಸಿ ನೋಡಿತು. ಹೊಸ ಬಗೆಯ ಪೆಟ್ರೋಲು ಕಾರುಗಳ ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಫಿಲ್ಟರು ಬದಲಿಸಿದಾಗ ವೇಗ ಹಿಡಿಯುವ ಚುರುಕು ಮಾತ್ರ ಶೇ 6ರಿಂದ 11ರಷ್ಟು ಸುಧಾರಿಸಿತು. ಹಳೆಯ ಕಾರ್ಬುರೇಟರ್ ಕಾರಿನಲ್ಲಿ ಮೈಲೇಜೂ ಶೇ 2ರಿಂದ 6ರಷ್ಟು ಏರಿತು. ಅಂದರೆ "ಪಿಕಪ್ ಇಲ್ಲ" ಎಂದ ಗ್ರಾಹಕನೂ ಸರಿ, ನೇರ ಏರ್ ಫಿಲ್ಟರಿಗೆ ಕೈಹಾಕಿದ ಮೆಕ್ಯಾನಿಕ್ಕೂ ಸರಿ.

ಹೊರಗಿನ ಧೂಳಿಗೆ ಕಾಗದ ಉತ್ತರವಾಯಿತು. ಆದರೆ ಊರಿನ ಗಾಳಿಯನ್ನು ಶುದ್ಧವಾಗಿಡಲು ಮಾಡಿದ ಏರ್ಪಾಡುಗಳೇ ಫಿಲ್ಟರಿನಿಂದಾಚೆ ಹೊಸ ಅಡ್ಡಿ ತಂದವು. 1960ರ ದಶಕದಿಂದ ಎಂಜಿನ್ನಿನೊಳಗಿನ ಆಯಿಲ್ ಆವಿಯನ್ನು ಹೊರಗೆ ಬಿಡದೆ ಮತ್ತೆ ಗಾಳಿಯ ಕೊಳವೆಗೇ ಕಳಿಸತೊಡಗಿದರು. ಆಮೇಲೆ ಹೊಗೆಯ ಒಂದು ಪಾಲನ್ನೂ ಹಿಂದಕ್ಕೆ ತಿರುಗಿಸಿದರು. ಆಯಿಲ್ ಆವಿ ಮತ್ತು ಮಸಿ ಸೇರಿದರೆ ಏನಾಗುತ್ತದೆ ಎಂಬುದನ್ನು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಒರೆಸಿದವರಿಗೆ ಹೇಳಬೇಕಾಗಿಲ್ಲ. ಡೀಸೆಲ್ ಕಾರುಗಳ ಗಾಳಿ ಕೊಳವೆ ಬಿಚ್ಚಿದರೆ ಅರ್ಧಕ್ಕರ್ಧ ಕಪ್ಪು ಅಂಟು ಕಟ್ಟಿರುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್ನುಗಳಲ್ಲಿ ಇನ್ನೊಂದು ತೊಂದರೆ. ಮೊದಲು ಪೆಟ್ರೋಲು ವಾಲ್ವಿನ ಬೆನ್ನ ಮೇಲೆ ಬಿದ್ದು ಅದನ್ನು ತೊಳೆಯುತ್ತಿತ್ತು, ಈಗ ಆ ಸ್ನಾನ ತಪ್ಪಿತು. ಇದಕ್ಕೆ ಗ್ಯಾರೇಜುಗಳು ಕಂಡುಕೊಂಡ ಮದ್ದು ವಿಚಿತ್ರ: ಅಖ್ರೋಟಿನ ಚಿಪ್ಪನ್ನು ಪುಡಿಮಾಡಿ ಗಾಳಿಯ ಒತ್ತಡದಲ್ಲಿ ವಾಲ್ವಿಗೆ ಎರಚುವುದು. ಇಂಗಾಲವನ್ನು ಕೀಳುವಷ್ಟು ಗಟ್ಟಿ, ಲೋಹವನ್ನು ಕೆರೆಯದಷ್ಟು ಮೆತ್ತಗೆ. ಧೂಳು ಒಳಗೆ ಹೋಗದಿರಲೆಂದು ನೂರು ವರ್ಷ ಕಷ್ಟಪಟ್ಟು, ಕೊನೆಗೆ ಪುಡಿಯನ್ನು ತಾವೇ ಒಳಗೆ ಎರಚುವಂತಾಯಿತು.

ಇನ್ನು ಮಳೆ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಝ್‌ನಲ್ಲಿ ಒಂದೇ ದಿನದಲ್ಲಿ 944 ಮಿ.ಮೀ. ಮಳೆ ಸುರಿಯಿತು. ಮೀಠಿ ನದಿ ಉಕ್ಕಿ ಕುರ್ಲಾ, ಕಲೀನಾ, ಬಾಂದ್ರಾ ಕಡೆ ರಸ್ತೆಗಳೇ ಹೊಳೆಯಾದವು. ಆ ದಿನ ನಡುರಸ್ತೆಯಲ್ಲಿ ನಿಂತ ಸಾವಿರಾರು ಕಾರುಗಳು ಕೆಟ್ಟದ್ದು ಗಾಳಿ ಹೀರುವ ಸೊಂಡಿಲಿನಿಂದ. ಬಹಳಷ್ಟು ಕಾರುಗಳಲ್ಲಿ ಅದರ ಬಾಯಿ ಹೆಡ್‌ಲೈಟಿನ ಮಟ್ಟದಲ್ಲೇ ಇರುತ್ತದೆ. ಧೂಳನ್ನು ತಡೆಯುವ ಕಾಗದ ನೀರನ್ನು ತಡೆಯುವುದಿಲ್ಲ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಸಿಲಿಂಡರಿಗೆ ಒಂದು ಲೋಟದಷ್ಟು ನೀರು ಸೇರಿದರೂ ಸಾಕು, ಮೇಲೇರುವ ಪಿಸ್ಟನ್ ಅರ್ಧದಲ್ಲೇ ತಡೆದು ನಿಂತು ಕನೆಕ್ಟಿಂಗ್ ರಾಡು ಬಾಗಿಹೋಗುತ್ತದೆ. ಹೆಚ್ಚಿನ ಹಾನಿಯಾದದ್ದು ನೀರಿನಲ್ಲಿ ನಿಂತಾಗಲ್ಲ. ನೀರು ಇಳಿದ ಮೇಲೆ ಮನೆ ಸೇರುವ ಆತುರದಲ್ಲಿ ಮಾಲೀಕರು ಕೀಲಿ ತಿರುಗಿಸಿದಾಗ. ಆ ಮೇಲೆ ವಿಮೆಯವರೊಂದಿಗೆ ಶುರುವಾದ ವಾದ ಇದೇ: ನೀರು ನುಗ್ಗಿದ್ದು ಪ್ರಕೃತಿಯ ಕೆಲಸ, ಕೀಲಿ ತಿರುಗಿಸಿದ್ದು ನಿಮ್ಮ ಕೆಲಸ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗಲೂ ಕಾರಿದ್ದ ಎಷ್ಟೋ ಮನೆಗಳಲ್ಲಿ ಇದೇ ಮಾತು ಕೇಳಿಬಂತು.

ಆದ್ದರಿಂದ ಪ್ರತಿ ಮಳೆಗಾಲದಲ್ಲಿ ನೀರಿನಿಂದ ತಳ್ಳಿ ತಂದ ಕಾರು ಗ್ಯಾರೇಜಿಗೆ ಬಂದಾಗ, ಕಸುಬು ಬಲ್ಲ ಮೆಕ್ಯಾನಿಕ್ ಕೀಲಿಯನ್ನು ಮುಟ್ಟುವುದಿಲ್ಲ. ಬ್ಯಾಟರಿಯ ವೈರು ಬಿಚ್ಚಿ, ಕಪ್ಪು ಡಬ್ಬಿಯ ಕ್ಲಿಪ್ಪುಗಳನ್ನು ಎಬ್ಬಿಸಿ, ಮಡಿಕೆ ಕಾಗದವನ್ನು ಹೊರತೆಗೆದು ಹೆಬ್ಬೆರಳಿನಿಂದ ಒತ್ತುತ್ತಾನೆ. ಒಣಗಿದ್ದರೆ ಉಸ್ಸೆಂದು ಮುಂದಿನ ಕೆಲಸಕ್ಕೆ ಕೈಹಾಕುತ್ತಾನೆ. ಒದ್ದೆಯಾಗಿದ್ದರೆ ಒಂದೊಂದಾಗಿ ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ ಸಾಲಾಗಿ ಇಟ್ಟು, ಎಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿ, ಪ್ಲಗ್ಗಿನ ತೂತುಗಳಿಂದ ನೀರು ಚಿಮ್ಮುತ್ತದೆಯೇ ಎಂದು ಬಗ್ಗಿ ನೋಡುತ್ತಾನೆ.